ಅನ್ ಗಾಥ್, ಅನ್ ವೆನಿನ್: ಕಾರ್ನಿಷ್ ಸ್ತ್ರೀಲಿಂಗ ನನಗೆ ದಕ್ಕಿದ ಬಗೆ

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಅಲ್ಲಿನ ಚಿನ್ನದ ಗಣಿಗಳನ್ನು 1880ರಿಂದ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. ಗಣಿ ಕೆಲಸ ಬಲ್ಲವರು ಬೇಕೆಂದು ಬ್ರಿಟನ್ನಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ಜನರನ್ನು ಕರೆತಂದರು. ಅಷ್ಟು ಹೊತ್ತಿಗೆ ಅವರೆಲ್ಲ ಇಂಗ್ಲಿಷ್ ಮಾತಾಡುತ್ತಿದ್ದರು. ಹಿರಿಯರ ಭಾಷೆಯಾದ ಕಾರ್ನಿಷ್ ಉಳಿದಿದ್ದು ಹೆಚ್ಚಾಗಿ ಊರಿನ ಹೆಸರುಗಳಲ್ಲಿ, ಮನೆತನದ ಹೆಸರುಗಳಲ್ಲಿ. 1904ರಲ್ಲಿ ಹೆನ್ರಿ ಜೆನ್ನರ್ ಒಂದು ಕೈಪಿಡಿ ಬರೆದ ಮೇಲೆ ಜನ ಅದನ್ನು ಮತ್ತೆ ಕಲಿಯತೊಡಗಿದರು. ನಮ್ಮೂರಿಗೆ ಬಂದವರ ಭಾಷೆ ಹೇಗಿತ್ತು ಅಂತ ತಿಳಿಯುವ ಆಸೆಯಿಂದ ನಾನೂ ಶುರು ಮಾಡಿದೆ.

ಮೊದಲ ವಾರವೇ ತೊಡಕು. ಬೆನಿನ್ ಅಂದರೆ ಹೆಂಗಸು. ಇಂಗ್ಲಿಷಿನ 'ದ' ಇದ್ದ ಹಾಗೆ ಕಾರ್ನಿಷ್‌ನಲ್ಲಿ 'ಅನ್' ಇದೆ. 'ಆ ಹೆಂಗಸು' ಅನ್ನೋಕೆ ಅನ್ ಬೆನಿನ್ ಅಂದೆ, ತಪ್ಪಾಯಿತು. ಅನ್ ವೆನಿನ್ ಅನ್ನಬೇಕು. ಕಾಥ್ ಅಂದರೆ ಬೆಕ್ಕು, ಆದರೆ ಅನ್ ಗಾಥ್. ಪ್ಲೂವೆನ್ ಅಂದರೆ ಪೆನ್ನು, ಆದರೆ ಅನ್ ಬ್ಲೂವೆನ್. ಅಮ್ಮ ಮಮ್, ಆದರೆ ಅನ್ ವಮ್. ಅಪ್ಪನ ಮಾತು ಬೇರೆ. ತಾಸ್ ಮುಂದೆ ಅನ್ ಬಂದರೂ ಅನ್ ತಾಸ್. 'ಅನ್' ಆದ ಮೇಲೆ ಏಕವಚನದ ಗಂಡು ಪದ ಅಲ್ಲಾಡುವುದಿಲ್ಲ, ಹೆಣ್ಣು ಪದದ ಮೊದಲ ಅಕ್ಷರ ಮೆತ್ತಗಾಗುತ್ತದೆ.

ಪುಸ್ತಕದಲ್ಲಿದ್ದ ಈ ಬದಲಾವಣೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ನೋಡಿದೆ. ಮಾತಾಡುವಾಗ ಒಂದೂ ನೆನಪಿಗೆ ಬರಲಿಲ್ಲ. ಒಂದು ಸಂಜೆ ಸುಮ್ನೆ ಆ ಪಟ್ಟಿಯನ್ನು ಕನ್ನಡ ಲಿಪಿಯಲ್ಲಿ ಬರೆದೆ. ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ. ಬರೆದ ಕೈ ಅಲ್ಲೇ ನಿಂತಿತು. ಇದು ಶಾಲೆಯಲ್ಲಿ ಕಲಿತ ಗದಬ ಆದೇಶ, ಅಲ್ವಾ? ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ. ಮುಂದಿನ ಸಾಲು ನೋಡಿದರೆ ಬ ಮತ್ತು ಮ ಎರಡೂ ವ ಆಗುತ್ತವೆ. ಅದೂ ನಮ್ಮಲ್ಲಿದೆ. ಮೆಲ್ ಮತ್ತು ಮಾತು ಸೇರಿ ಮೆಲ್ವಾತು. ಎರಡು ಭಾಷೆಗಳಿಗೂ ನಂಟಿಲ್ಲ, ಆದರೂ ನಾಲಿಗೆ ಮಾಡುವ ಕೆಲಸ ಒಂದೇ. ಅವತ್ತಿನಿಂದ ಪಟ್ಟಿಯನ್ನು ಪಕ್ಕಕ್ಕಿಟ್ಟೆ.

ನಮ್ಮಲ್ಲಿಲ್ಲದ ಎರಡು ಬದಲಾವಣೆಗಳನ್ನು ಮಾತ್ರ ಬೇರೆಯಾಗಿ ರೂಢಿ ಮಾಡಿಕೊಂಡೆ. ದ ಇದ್ದದ್ದು ಇಂಗ್ಲಿಷಿನ 'ದಿಸ್' ಪದದ ಮೊದಲ ದನಿಯಾಗುತ್ತದೆ. ದಾವಸ್ ಅಂದರೆ ಹೆಣ್ಣು ಕುರಿ, ಅದು ಅನ್ ಧಾವಸ್. ಇಲ್ಲಿ ಧ ಬರೆದರೂ ನಾಲಿಗೆ ಹಲ್ಲಿನ ನಡುವೆ ಬರಬೇಕು. ಇನ್ನು ಗ ಪೂರ್ತಿ ಮಾಯ. ಗಾವೆರ್ ಅಂದರೆ ಮೇಕೆ, ಅನ್ ಆವೆರ್. ಗ್ವೆಧೆನ್ ಅಂದರೆ ಮರ, ಅನ್ ವೆಧೆನ್. 'ಆವೆರ್' ಅಂತ ನಿಘಂಟಿನಲ್ಲಿ ಹುಡುಕಿ ಹುಡುಕಿ ನನಗೆ ಸಾಕಾಗಿತ್ತು. ಮೇಕೆ ಇದ್ದದ್ದು ಗ ಅಕ್ಷರದ ಕೆಳಗೆ. ಸ್ವರದಿಂದ ಶುರುವಾಗುವ ಪದ ಸಿಗದಿದ್ದರೆ ಮುಂದೆ ಗ ಇಟ್ಟು ನೋಡಿ.

ನಿಜವಾಗಿ ಕಷ್ಟವಾದದ್ದು ಲಿಂಗ. ನಮಗೆ ಬೆಕ್ಕು, ಕುರ್ಚಿ, ಮರ ಎಲ್ಲವೂ ನಪುಂಸಕ. ಕಾರ್ನಿಷ್‌ನಲ್ಲಿ ನಪುಂಸಕ ಇಲ್ಲವೇ ಇಲ್ಲ. ಕುರ್ಚಿ ಹೆಣ್ಣು, ಮನೆ ಗಂಡು. ಇದಕ್ಕೆ ನಾನು ಮಾಡಿದ್ದು ಒಂದೇ. ಪದವನ್ನು ಒಂಟಿಯಾಗಿ ಕಲಿಯುವುದನ್ನು ಬಿಟ್ಟೆ. ಚೀಟಿಯಲ್ಲಿ ಕಾಥ್ ಅಂತ ಬರೆಯಲಿಲ್ಲ, 'ಅನ್ ಗಾಥ್ ಧೂ' ಅಂತ ಬರೆದೆ. ದೂ ಅಂದರೆ ಕರಿ. ಹೆಣ್ಣು ಪದದ ನಂತರ ಬಂದರೆ ಬಣ್ಣದ ಮಾತೂ ಮೆತ್ತಗಾಗುತ್ತದೆ. ನಾಯಿ ಗಂಡು, ಹಾಗಾಗಿ 'ಅನ್ ಕೀ ದೂ'. ಈ ಎರಡು ಚೀಟಿಗಳನ್ನು ಅಡುಗೆಮನೆಯ ಫ್ರಿಜ್ ಮೇಲೆ ಅಂಟಿಸಿದ್ದೆ. ನೀರು ಕುಡಿಯಲು ಹೋದಾಗಲೆಲ್ಲ ಜೋರಾಗಿ ಓದುತ್ತಿದ್ದೆ. ಒಂದನ್ನು ಗುಂಪಿನಿಂದ ಬಿಡಿಸಿ ಹೇಳುವ 'ಎನ್' ಕೊನೆಯ ಪದಗಳು ಹೆಣ್ಣು ಅನ್ನುವುದೂ ತುಂಬಾ ನೆರವಾಯಿತು. ಗ್ವಿಧ್ ಅಂದರೆ ಮರಗಳು, ಗ್ವೆಧೆನ್ ಅಂದರೆ ಒಂದು ಮರ.

ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಿಸಿದ್ದು ಎರಡು ಮನೆತನದ ಹೆಸರುಗಳು. ಒಂದು ಆಂಗೋವ್. ಅನ್ ಗೋವ್ ಅಂದರೆ ಕಮ್ಮಾರ. 1497ರಲ್ಲಿ ತೆರಿಗೆಯ ವಿರುದ್ಧ ಲಂಡನ್ನಿನವರೆಗೆ ನಡೆದ ಕಾರ್ನಿಷ್ ದಂಡಿನ ಮುಂದಾಳು ಮೈಕಲ್ ಜೋಸೆಫ್‌ನನ್ನು ಇವತ್ತಿಗೂ 'ಅನ್ ಗೋಫ್' (ಅದೇ ಅನ್ ಗೋವ್) ಅಂತಲೇ ಕರೆಯುತ್ತಾರೆ. ಗಂಡು ಪದವಾದ್ದರಿಂದ ಗ ಹಾಗೇ ಇದೆ. ಇನ್ನೊಂದು ಆಂಡ್ರುವಾರ್ಥಾ. ಬಿಡಿಸಿದರೆ ಅನ್, ದ್ರೇ, ವಾರ್ಥಾ. ತ್ರೇ ಅಂದರೆ ಊರು, ಹೊಲಮನೆ. ಹೆಣ್ಣು ಪದ, ಅದಕ್ಕೆ ದ್ರೇ ಆಗಿದೆ. ಗ್ವಾರ್ಥಾ ಅಂದರೆ ಮೇಲಿನ, ಅದರ ಗ ಹೋಗಿದೆ. ಮೇಲಿನ ಹೊಲಮನೆಯವರು ಅಂತ ಅರ್ಥ. ಭಾಷೆ ಬಿಟ್ಟುಹೋದ ಮೇಲೂ ಇಂಗ್ಲಿಷ್ ಮಾತಾಡುವ ಮನೆಗಳು ಈ ಎರಡು ಬದಲಾವಣೆಗಳನ್ನು ಹೆಸರಿನೊಳಗೆ ಹೊತ್ತುಕೊಂಡು ಬಂದಿವೆ. ಇದನ್ನು ಬಿಡಿಸಿದ ದಿನ ನನಗೆ ಆದ ಖುಷಿ ಸಣ್ಣದಲ್ಲ.

ಹೆಣ್ಣು ಪದಕ್ಕೆ ಮಾತ್ರ ಯಾಕೆ? ಕಾರ್ನಿಷ್‌ನ ಮೂಲವಾದ ಹಳೆಯ ಕೆಲ್ಟಿಕ್‌ನಲ್ಲಿ ಗಂಡಿನ ಆರ್ಟಿಕಲ್ (ಈಗಿನ 'ಅನ್' ಜಾಗದ ಪದ) 'ಸಿಂದೋಸ್', ಹೆಣ್ಣಿನದು 'ಸಿಂದಾ' ಎಂದು ಭಾಷಾತಜ್ಞರು ಗುರುತಿಸಿದ್ದಾರೆ. ಹೆಣ್ಣಿನದು ಸ್ವರದಲ್ಲಿ ಮುಗಿಯುತ್ತಿತ್ತು. ಎರಡು ಸ್ವರಗಳ ನಡುವೆ ಸಿಕ್ಕ ವ್ಯಂಜನ ಮೆತ್ತಗಾಯಿತು. ಕೊನೆಯ ಭಾಗ ಬಿದ್ದುಹೋಗಿ ಎರಡೂ 'ಅನ್' ಆದವು, ಗುರುತು ಮಾತ್ರ ಉಳಿಯಿತು. ಗಂಡಿನ ಬಹುವಚನ 'ಸಿಂದೀ' ಕೂಡ ಸ್ವರದಲ್ಲೇ ಮುಗಿಯುತ್ತಿತ್ತು. ಅದಕ್ಕೇ ಮನುಷ್ಯರನ್ನು ಹೇಳುವ ಗಂಡು ಪದಗಳು ಬಹುವಚನದಲ್ಲಿ ಬದಲಾಗುತ್ತವೆ. ತೂಸ್ ಅಂದರೆ ಜನ, ಅನ್ ದೂಸ್. ಹೆಣ್ಣಿನ ಬಹುವಚನ ಬದಲಾಗದು: ಅನ್ ವೆನಿನ್ ಒಬ್ಬಳು, ಅನ್ ಬೆನಿನೆಸ್ ಹಲವರು.

ಇಷ್ಟಾದರೂ ಕೆಲವನ್ನು ಹಾಗೇ ನೆನಪಿಡಬೇಕು. ಅಪ್ಪಂದಿರು ಮನುಷ್ಯರೇ, ಆದರೂ ಅನ್ ತಾಸೋ. ಕುದುರೆಗಳು ಮನುಷ್ಯರಲ್ಲ, ಆದರೂ ಮೆರ್ಹ್ ಹೋಗಿ ಅನ್ ವೆರ್ಹ್. ಫ್ರಿಜ್ ಮೇಲೆ ಈಗ ಇರುವುದು ಆ ಕುದುರೆಗಳ ಚೀಟಿ.