ವೀಲೂ ಬಂಪರೂ ಮನೇಲೇ ಪೇಂಟ್ ಮಾಡಿದ್ದು, ಒಂದು ಸಲ ಕೈ ಸುಟ್ಕೊಂಡ ಮೇಲೆ

ಮೊದಲನೇ ಸಲ ಬಂಪರ್‌ಗೆ ನಾನು ಹೊಡೆದ ಪೇಂಟ್ ಒಂದು ತಿಂಗಳೂ ನಿಲ್ಲಲಿಲ್ಲ. ಪ್ರೆಶರ್ ವಾಷರ್ ನೀರು ತಾಗಿದ್ದೇ ತಡ ಹಾವಿನ ಪೊರೆ ಕಳಚೋ ಹಾಗೆ ಅಂಗೈಯಗಲ ಎದ್ದು ಬಂತು, ಕೆಳಗೆ ಕಪ್ಪು ಪ್ಲಾಸ್ಟಿಕ್ ನುಣ್ಣಗೆ ಹಾಗೇ ಇತ್ತು, ಪೇಂಟ್ ಅದಕ್ಕೆ ಅಂಟ್ಕೊಂಡೇ ಇರಲಿಲ್ಲ. ಆಮೇಲೆ ಬಂಪರ್ ಬಿಚ್ಚಿ ಒಳಗಡೆ ನೋಡಿದ್ರೆ ಪಿಪಿ ಅಂತ ಅಚ್ಚು ಹಾಕಿದಾರೆ, ಅಂದ್ರೆ ಪಾಲಿಪ್ರೊಪಿಲೀನ್, ಬರೀ ಪ್ರೈಮರ್ ಹಿಡಿಯಲ್ಲ ಅದು. ಮೊದಲು ಪ್ಲಾಸ್ಟಿಕ್‌ಗೇ ಅಂತ ಬರೋ, ಪೇಂಟ್ ಅಂಟ್ಕೊಳ್ಳೋ ಹಾಗೆ ಮಾಡೋ ಅಡ್ಹೀಷನ್ ಪ್ರಮೋಟರ್ ತೆಳ್ಳಗೆ ಹೊಡೀಬೇಕು, ಅದೂ ಪ್ಲಾಸ್ಟಿಕ್ ಕಾಣೋ ಜಾಗಕ್ಕೆ ಮಾತ್ರ, ಹಳೇ ಪೇಂಟ್ ಗಟ್ಟಿಯಾಗಿರೋ ಕಡೆ ಉಜ್ಜಿ ಮಂಕು ಮಾಡಿದ್ರೆ ಸಾಕು. ಈ ಒಂದು ಕ್ಯಾನ್ ತಗೊಳ್ದೇ ಉಳಿದ ಕ್ಯಾನೆಲ್ಲಾ ದಂಡ ಮಾಡ್ಕೊಂಡೆ.

ಎರಡನೇ ಸಲ ಬುದ್ಧಿ ಬಂದಿತ್ತು, ಸ್ಟೆಪ್ನಿ ವೀಲ್‌ನಿಂದ ಶುರು ಮಾಡ್ದೆ. ಕೆಟ್ರೂ ಡಿಕ್ಕಿ ಒಳಗೆ ಯಾರೂ ನೋಡಲ್ಲ ನೋಡಿ. ಅಲ್ಲೇ ಎರಡನೇ ಪಾಠ ಆಯ್ತು: ಕಲರ್ ಬಿದ್ದ ತಕ್ಷಣ ಅಲ್ಲಲ್ಲಿ ಸಣ್ಣ ಸಣ್ಣ ಗುಳಿ, ಎಣ್ಣೆ ಮೇಲೆ ನೀರು ಬಿದ್ರೆ ಸರಿದು ನಿಲ್ಲುತ್ತಲ್ಲ ಹಾಗೆ. ಫಿಶ್ ಐ ಅಂತಾರೆ ಇದಕ್ಕೆ. ಟೈರ್ ಪಾಲಿಶ್‌ನಲ್ಲಿರೋ ಸಿಲಿಕೋನ್ ರಿಮ್ ಮೇಲೂ ಕೂತಿತ್ತು, ನಾನು ತೊಳೆಯೋಕೆ ಮುಂಚೇನೇ ಉಜ್ಜಿ ಅದನ್ನ ಗೀರುಗಳ ಒಳಕ್ಕೆ ತಳ್ಳಿದ್ದೆ. ಹಾಗಾಗಿ ಕ್ರಮ ಇದು, ಇದನ್ನ ಮಾತ್ರ ತಪ್ಪಿಸ್ಬೇಡಿ: ಮೊದಲು ಸೋಪ್ ನೀರಲ್ಲಿ ಬ್ರೇಕ್ ಡಸ್ಟ್ ಪೂರ್ತಿ ಹೋಗೋ ತನಕ ತೊಳೀರಿ, ಒಣಗಿದ ಮೇಲೆ ವ್ಯಾಕ್ಸ್-ಗ್ರೀಸ್ ರಿಮೂವರ್ ಹಾಕಿ ಒರೆಸಿ, ಆಮೇಲೆ ಉಜ್ಜಿ, ಉಜ್ಜಿದ ಮೇಲೆ ಇನ್ನೊಂದು ಸಲ ಅದರಲ್ಲೇ ಒರೆಸಿ. ಒರೆಸೋ ಬಟ್ಟೆ ತಿರುಗಿಸ್ತಾ ಇರಬೇಕು, ಇಲ್ಲಾಂದ್ರೆ ಜಿಡ್ಡು ಹೋಗಲ್ಲ, ಬರೀ ಜಾಗ ಬದಲಾಯಿಸುತ್ತೆ ಅಷ್ಟೇ.

ಉಜ್ಜೋದಂತೂ ಎರಡು ದಿನದ ಕೆಲಸ, ಸ್ಪ್ರೇ ಮಾಡೋದು ಅರ್ಧ ಗಂಟೆ. ಫುಟ್‌ಪಾತ್ ಅಂಚಿಗೆ ತಾಗಿ ಕೊರೆದಿದ್ದ ಕಡೆ 120 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 240, ಆಳವಾದ ಗಾಯಕ್ಕೆ ತೆಳ್ಳಗೆ ಪುಟ್ಟಿ, ಅದರ ಮೇಲೆ 400. ಪುಟ್ಟಿ ಸಮ ಆಯ್ತಾ ಇಲ್ವಾ ಅಂತ ಕಣ್ಣಿಗೆ ಗೊತ್ತಾಗಲ್ಲ, ಕಣ್ಣು ಮುಚ್ಚಿ ಬೆರಳಾಡಿಸಿದ್ರೆ ಗೊತ್ತಾಗುತ್ತೆ. ಪ್ರೈಮರ್ ಒಣಗಿದ ಮೇಲೆ ನೀರು ಹಾಕಿ ಉಜ್ಜೋ 600 ವಾಟರ್ ಪೇಪರ್. ಅಲ್ಯೂಮಿನಿಯಂ ಬೆಳ್ಳಗೆ ಕಾಣೋವಷ್ಟು ಉಜ್ಜಿದ್ರೆ ಅಲ್ಲಿಗೆ ಲೋಹಕ್ಕೆ ಹಿಡಿಯೋ ಎಚ್ಚಿಂಗ್ (etch) ಪ್ರೈಮರೇ ಬೇಕು. ಟೈರ್ ಬಿಚ್ಚಿಸಲಿಲ್ಲ ನಾನು, ಸ್ವಲ್ಪ ಗಾಳಿ ಇಳಿಸಿ ರಿಮ್‌ಗೂ ಟೈರ್‌ಗೂ ನಡುವೆ ಹಳೇ ಇಸ್ಪೀಟ್ ಎಲೆ ಸುತ್ತಲೂ ಸಿಕ್ಕಿಸ್ದೆ. ಟೇಪ್ ಅಂಟಿಸೋಕಿಂತ ಇದು ಎಷ್ಟೋ ವಾಸಿ, ಅಂಚಿನ ತನಕ ಬಣ್ಣ ಹೋಗುತ್ತೆ.

ಇನ್ನೊಂದು, ನಟ್ ಕೂರೋ ಗುಂಡಿಗಳನ್ನೂ ಹಬ್‌ಗೆ ತಾಗೋ ಹಿಂಬದಿಯನ್ನೂ ಮುಚ್ಚಿಬಿಡಿ. ಅಲ್ಲಿ ದಪ್ಪ ಪೇಂಟ್ ಕೂತ್ರೆ ಓಡ್ತಾ ಓಡ್ತಾ ಅದು ಅದುಮಿ ನಟ್ ಲೂಸ್ ಆಗುತ್ತೆ, ಚಂದದ ವಿಷ್ಯ ಅಲ್ಲ ಇದು, ಜೀವದ ವಿಷ್ಯ. ವೀಲ್ ಹಾಕಿ 50-100 ಕಿಲೋಮೀಟರ್ ಓಡಿಸಿದ ಮೇಲೆ ನಟ್ ಎಷ್ಟು ಬಿಗಿ ಇದೆ ಅಂತ ಅಳೆಯೋ ಟಾರ್ಕ್ ವ್ರೆಂಚ್‌ನಲ್ಲಿ ನಾನು ಮತ್ತೆ ಚೆಕ್ ಮಾಡ್ದೆ.

ಸ್ಪ್ರೇ ಹೊಡೆಯುವಾಗ ಕ್ಯಾನ್ 20-25 ಸೆಂಟಿಮೀಟರ್ ದೂರ, ಬಟನ್ ಒತ್ತೋದೂ ಬಿಡೋದೂ ವಸ್ತುವಿನ ಆಚೆಗೇ. ವೀಲ್‌ನಲ್ಲಿ ಸ್ಪೋಕ್‌ಗಳ ಪಕ್ಕದ ಗೋಡೆ ಮೊದಲು, ಮುಖ ಕೊನೆಗೆ. ಮೊದಲ ಕೋಟ್ ಕೆಳಗಿಂದು ಕಾಣೋ ಹಾಗೆ ತೆಳ್ಳಗಿರಲಿ, ಒಂದೇ ಸಲ ಮುಚ್ಚಿಬಿಡೋಣ ಅನ್ಸುತ್ತೆ, ಅಲ್ಲೇ ಸೋರೋದು. ಮಧ್ಯೆ 10-15 ನಿಮಿಷ ಬಿಟ್ಟು ಮೂರು ಕೋಟ್, ಮೇಲೆ ಕ್ಲಿಯರ್, ಅಂದ್ರೆ ಬಣ್ಣ ಇಲ್ಲದ ಪಾರದರ್ಶಕ ಕೋಟ್, ಎರಡೋ ಮೂರೋ. ಮಳೆ ಹವಾ ಇದ್ದ ದಿನ ಕ್ಲಿಯರ್ ಹೊಡೆದು ಹಾಲು ಹಾಲಾಗಿದ್ದೂ ಆಗಿದೆ, ಒಣ ಹವೆಗೆ ಕಾಯಿರಿ.

2ಕೆ ಕ್ಲಿಯರ್, ಅಂದ್ರೆ ಹಾರ್ಡನರ್ ಬೆರೆಸಿ ಹೊಡೆಯೋದು, ಗಟ್ಟಿ, ಪೆಟ್ರೋಲ್ ಬಿದ್ರೂ ಕರಗಲ್ಲ, ಎಲ್ಲಾ ನಿಜ. ಆದ್ರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ, ಶ್ವಾಸಕೋಶಕ್ಕೆ ಒಮ್ಮೆ ಅಲರ್ಜಿ ಹತ್ತಿದ್ರೆ ಆಸ್ತಮಾ ಜೊತೇಲೇ ಉಳೀಬಹುದು. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಹೊರಗಿಂದ ಶುದ್ಧ ಗಾಳಿ ಬರೋ ಮಾಸ್ಕ್ ಬೇಕು. ಅದು ನನ್ನಿಂದ ಆಗಲ್ಲ ಅಂತ ಹಾರ್ಡನರ್ ಇಲ್ಲದ 1ಕೆ ಕ್ಲಿಯರ್‌ಗೇ ನಿಂತೆ, ಅದನ್ನೂ ಬಯಲಲ್ಲಿ, ಪೇಂಟ್ ಆವಿ ತಡೆಯೋ ಆರ್ಗ್ಯಾನಿಕ್ ವೇಪರ್ ಫಿಲ್ಟರ್ ಇರೋ ಮಾಸ್ಕ್ ಹಾಕಿ ಹೊಡ್ದೆ.

ಬಂಪರ್‌ನಲ್ಲಿ ನನ್ನ ಕಾಡಿದ್ದು ಶೇಡ್. ಡೋರ್ ಪಿಲ್ಲರ್ ಮೇಲಿರೋ ಕಲರ್ ಕೋಡ್ ಕೊಟ್ಟೇ ಮಿಕ್ಸ್ ಮಾಡಿಸಿದ್ದೆ, ಆದ್ರೂ ಬಾಡಿ ಬಣ್ಣ ವರ್ಷಗಟ್ಟಲೆ ಬಿಸಿಲಿಗೆ ಮಾಸಿರುತ್ತಲ್ಲ, ಹೊಸದು ಒಂದು ಕೈ ಕಡುವಾಗೇ ಕಾಣುತ್ತೆ, ಸಿಲ್ವರ್ ಮೆಟಾಲಿಕ್ ಆದ್ರಂತೂ ಇನ್ನೂ ಜಾಸ್ತಿ. ತೇಪೆ ಹಾಕೋಕೆ ಹೋಗಿ ಎರಡು ಸಲ ಉಜ್ಜಿ, ಕೊನೆಗೆ ಪೂರ್ತಿ ಬಂಪರ್‌ಗೇ ಹೊಡ್ದೆ. ಈಗ ಸಂಜೆ ಬೆಳಕಲ್ಲಿ ಗೊತ್ತಾಗಲ್ಲ, ನಡು ಮಧ್ಯಾಹ್ನ ಹುಡುಕಿದ್ರೆ ಗೊತ್ತಾಗುತ್ತೆ. ಎಡಗಡೆ ಹಿಂದಿನ ವೀಲ್‌ನಲ್ಲಿ ವಾಲ್ವ್ ಪಕ್ಕ ಸೋರಿದ ಒಂದು ಹನಿ ಹಾಗೇ ಇದೆ, ಅದನ್ನ 1500 ಪೇಪರ್‌ನಲ್ಲಿ ಉಜ್ಜಿ ಪಾಲಿಶ್ ಮಾಡ್ಬೇಕು, ಮಾಡೋಣ ಮಾಡೋಣ ಅಂತ ಇನ್ನೂ ಮಾಡಿಲ್ಲ.