ನೀರಿನೊಡನೆ ವರ್ತಿಸುವ ಅನಿಲವನ್ನು ‘ಕರಗುವ ಅನಿಲ’ ಎನ್ನಬಹುದೇ? ನಿರ್ಧರಿಸುವ ಬಗೆ

ಆಮ್ಲಜನಕ ನೀರಿನಲ್ಲಿ ಕರಗುವಾಗ ಅದರ ಅಣುಗಳು ಹಾಗೆಯೇ ಉಳಿಯುವುದರಿಂದ ಅಲ್ಲಿ ಚರ್ಚೆಗೆ ಎಡೆಯಿಲ್ಲ. ಅಮೋನಿಯಾ, ಕ್ಲೋರಿನ್, ಹೈಡ್ರೋಜನ್ ಕ್ಲೋರೈಡ್‌ಗಳು ನೀರಿನೊಡನೆ ವರ್ತಿಸುತ್ತವೆ. ಹಾಗೆಂದು ಅವು ಕರಗುವುದಿಲ್ಲ ಎನ್ನಲಾಗದು, ಏಕೆಂದರೆ ಕರಗುವುದೂ ವರ್ತಿಸುವುದೂ ಒಟ್ಟಿಗೇ ನಡೆಯಬಲ್ಲವು.

ಮೊದಲು ಕೇಳಬೇಕಾದ ಪ್ರಶ್ನೆ, ದ್ರಾವಣದಿಂದ ಅದೇ ಅನಿಲ ಮರಳಿ ಹೊರಬರುತ್ತದೆಯೇ ಎಂಬುದು. ಅಮೋನಿಯಾ ದ್ರಾವಣವನ್ನು ಕುದಿಸಿದರೆ ಅನಿಲ ಬಹುಮಟ್ಟಿಗೆ ಪೂರ್ತಿಯಾಗಿ ಹೊರಟುಹೋಗುತ್ತದೆ. ನೀರಿನಲ್ಲಿ ಸಂಪೂರ್ಣವಾಗಿ ಅಯಾನುಗಳಾಗುವ (ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುವ) ಹೈಡ್ರೋಜನ್ ಕ್ಲೋರೈಡ್ ಕೂಡ, ಪ್ರಬಲ ದ್ರಾವಣವನ್ನು ಕಾಯಿಸಿದಾಗ, ಸಾಂದ್ರತೆ ಶೇಕಡಾ 20ರ ಆಸುಪಾಸಿಗೆ ಇಳಿಯುವವರೆಗೆ ಅನಿಲವಾಗಿ ಹೊರಬರುತ್ತದೆ. ಹೀಗೆ ಅನಿಲಕ್ಕೂ ದ್ರಾವಣಕ್ಕೂ ಸಮತೋಲನ ಏರ್ಪಡುವಲ್ಲೆಲ್ಲ ‘ಕರಗುತ್ತದೆ’ ಎಂಬ ಮಾತು ನ್ಯಾಯವಾದದ್ದೇ.

ಆಮೇಲೆ, ಕರಗಿದ್ದರಲ್ಲಿ ಎಷ್ಟು ಪಾಲು ರೂಪ ಬದಲಿಸಿದೆ ಎಂದು ನೋಡಬೇಕು. ಕಾರ್ಬನ್ ಡೈಆಕ್ಸೈಡ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ವಾಯುಮಂಡಲದ ಒತ್ತಡದಲ್ಲಿ, ಲೀಟರಿಗೆ ಸುಮಾರು 1.5 ಗ್ರಾಂ ಕರಗುತ್ತದೆ. ಅದರಲ್ಲಿ ಕಾರ್ಬಾನಿಕ್ ಆಮ್ಲವಾಗಿರುವುದು ಸಾವಿರ ಅಣುಗಳಲ್ಲಿ ಎರಡಕ್ಕಿಂತಲೂ ಕಡಿಮೆ.

ಕ್ಲೋರಿನ್ನಿನ ಲೆಕ್ಕ ಇಷ್ಟು ಸರಳವಲ್ಲ, ಕಲಿಯುವವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಇದೇ ಉಷ್ಣತೆ ಮತ್ತು ಒತ್ತಡಗಳಲ್ಲಿ ಲೀಟರ್ ನೀರು ಸುಮಾರು 0.09 ಮೋಲ್ ಕ್ಲೋರಿನ್ನನ್ನು ಹಿಡಿಯುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗ ಹೈಪೋಕ್ಲೋರಸ್ ಆಮ್ಲ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳಾಗಿ ಬದಲಾಗಿ, ಉಳಿದದ್ದು ಕ್ಲೋರಿನ್ ಅಣುಗಳಾಗಿಯೇ ಇರುತ್ತದೆ. ಆಮ್ಲ ಬೆರೆಸಿದರೆ ಈ ಕ್ರಿಯೆ ಹಿಂದಕ್ಕೆ ಸರಿಯುತ್ತದೆ, ಕ್ಷಾರ ಬೆರೆಸಿದರೆ ಮುಂದಕ್ಕೆ ಸಾಗಿ ಇನ್ನಷ್ಟು ಅನಿಲ ಒಳಸೇರುತ್ತದೆ. ಆದ್ದರಿಂದ ಇಂಥ ಅನಿಲದ ವಿಲೇಯತೆಯನ್ನು, ಅಂದರೆ ಅದು ಎಷ್ಟು ಕರಗುತ್ತದೆ ಎಂಬುದನ್ನು, ಬರೆಯುವಾಗ ಉಷ್ಣತೆ ಮತ್ತು ಒತ್ತಡಗಳ ಜೊತೆಗೆ, ನೀರು ಶುದ್ಧವೋ ಆಮ್ಲೀಯವೋ ಕ್ಷಾರೀಯವೋ ಎಂಬುದನ್ನೂ, ಕೊಟ್ಟ ಸಂಖ್ಯೆ ಬದಲಾಗದ ಅಣುಗಳದ್ದೋ ಒಟ್ಟು ಮೊತ್ತದ್ದೋ ಎಂಬುದನ್ನೂ ತಪ್ಪದೆ ತಿಳಿಸಬೇಕು. ಕರಗಿದ ಅನಿಲದ ಪ್ರಮಾಣ ಅದರ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ ಎನ್ನುವ ಹೆನ್ರಿಯ ನಿಯಮವು ಅದರ ಸರಳ ರೂಪದಲ್ಲಿ ಅನ್ವಯಿಸುವುದು ಬದಲಾಗದ ಅಣುಗಳಿಗೆ ಮಾತ್ರ. ಒಟ್ಟು ಮೊತ್ತಕ್ಕೆ ಅದನ್ನು ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಫ್ಲೂರಿನ್ ಮಾತ್ರ ಈ ಗುಂಪಿಗೆ ಸೇರುವುದಿಲ್ಲ. ಅದು ನೀರನ್ನೇ ಉತ್ಕರ್ಷಿಸಿ ಹೈಡ್ರೋಜನ್ ಫ್ಲೋರೈಡನ್ನೂ ಆಮ್ಲಜನಕವನ್ನೂ ಕೊಡುತ್ತದೆ. ಕಾಯಿಸಿದರೂ ಒತ್ತಡ ಇಳಿಸಿದರೂ ಫ್ಲೂರಿನ್ ಮರಳಿ ಬಾರದು. ಅದರ ವಿಲೇಯತೆಯನ್ನು ದಾಖಲಿಸಬೇಕಾದ ಕಡೆ ಸಂಖ್ಯೆಯನ್ನು ಬರೆಯದೆ, ‘ನೀರಿನೊಡನೆ ವರ್ತಿಸುತ್ತದೆ’ ಎಂದಷ್ಟೇ ಬರೆಯಬೇಕು.