ಕಂಟಿಯ ಹಿಂದೆ ಹದಿನೈದು ಮೀಟರ್

ಕಂಪ್ಯೂಟರಿನಲ್ಲಿ ಆಡುವ ಟ್ಯಾಂಕ್ ಯುದ್ಧದ ಆಟದಲ್ಲಿ ನನಗೆ ಸಿಕ್ಕ ಮೊದಲ ಟ್ಯಾಂಕಿನ ಹೆಸರಿನಲ್ಲೇ ಟ್ರ್ಯಾಕ್ಟರ್ ಇತ್ತು. ಲೈಖ್ಟ್‌ಟ್ರಾಕ್ಟರ್. ಜರ್ಮನ್ ಭಾಷೆಯಲ್ಲಿ ಹಗುರವಾದ ಟ್ರ್ಯಾಕ್ಟರ್ ಎಂದೇ ಅದರ ಅರ್ಥ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಟ್ಯಾಂಕ್ ಕಟ್ಟಕೂಡದೆಂದು 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಕಟ್ಟುಪಾಡಿತ್ತು. ಅವರು ಗುಟ್ಟಾಗಿ ಟ್ಯಾಂಕ್ ಕಟ್ಟಿ, ಟ್ರ್ಯಾಕ್ಟರ್ ಎಂದು ಹೆಸರಿಟ್ಟು, ಸೋವಿಯತ್ ನೆಲದ ಕಜಾನ್ ಬಳಿ ಓಡಿಸಿ ನೋಡಿದರು. ಹದಿನಾಲ್ಕು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿರುವ ನನಗೆ ಆ ಹೆಸರು ಓದಿದ ಕೂಡಲೇ ಈ ಆಟದ ಮೇಲೆ ಮನಸ್ಸು ಬಂದಿತು.

ಆಟದ ಹೆಸರು ವರ್ಲ್ಡ್ ಆಫ್ ಟ್ಯಾಂಕ್ಸ್. ಬೆಲಾರೂಸ್ ದೇಶದ ಮಿನ್ಸ್ಕ್ ನಗರದಲ್ಲಿ ಹುಟ್ಟಿದ ವಾರ್‌ಗೇಮಿಂಗ್ ಕಂಪನಿ ಇದನ್ನು 2010ರಲ್ಲಿ ರಷ್ಯಾದಲ್ಲಿ, 2011ರಲ್ಲಿ ಉಳಿದ ಕಡೆ ಬಿಡುಗಡೆ ಮಾಡಿತು. ಹದಿನೈದು ಜನರ ಎದುರು ಹದಿನೈದು ಜನ, ಹೆಚ್ಚೆಂದರೆ ಹದಿನೈದು ನಿಮಿಷ. ಎದುರಿನ ಟ್ಯಾಂಕುಗಳನ್ನೆಲ್ಲ ಕೆಡವಬೇಕು, ಇಲ್ಲವೇ ಅವರ ನೆಲೆಯನ್ನು ಹಿಡಿಯಬೇಕು. ನಮ್ಮ ಟ್ಯಾಂಕ್ ಒಮ್ಮೆ ಸುಟ್ಟರೆ ಆ ಪಂದ್ಯದ ಮಟ್ಟಿಗೆ ನಮ್ಮ ಕಥೆ ಮುಗಿಯಿತು, ಮತ್ತೆ ಜೀವ ಬರುವುದಿಲ್ಲ. ನನಗೆ ಎಲ್ಲಕ್ಕಿಂತ ತಡವಾಗಿ ಅರ್ಥವಾದದ್ದು ಈ ಕೊನೆಯ ನಿಯಮವೇ.

ವಿದ್ಯಾನಗರದ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದಾನೆ. ಅವನಿಗೆ ಲ್ಯಾಪ್‌ಟಾಪ್ ಬಂದ ಮೇಲೆ ಹಳೆಯ ಕಂಪ್ಯೂಟರ್ ನನ್ನ ಪಾಲಿಗೆ ಉಳಿಯಿತು. ಗ್ಯಾರೇಜು ಮುಚ್ಚಿ, ಕೈಗೆ ಹತ್ತಿದ ಗ್ರೀಸ್ ತೊಳೆದು, ಊಟ ಮುಗಿಸಿ ಒಂಬತ್ತೂವರೆಗೆ ಕುಳಿತರೆ ಮೂರೋ ನಾಲ್ಕೋ ಪಂದ್ಯ. ಅಷ್ಟೇ ನನ್ನ ಸಮಯ. ಹಾಗಿದ್ದರೂ ಐದು ವಾರಗಳಲ್ಲಿ ಆರನೆಯ ಹಂತದ ಟ್ಯಾಂಕಿಗೆ ಏರಿಬಿಟ್ಟೆ. ಆಗ ಆಟದಲ್ಲಿ ಹತ್ತು ಹಂತಗಳಿದ್ದವು, 2025ರಲ್ಲಿ ಹನ್ನೊಂದನೆಯದೂ ಬಂದಿದೆ. ದೊಡ್ಡ ಟ್ಯಾಂಕ್ ಸಿಕ್ಕರೆ ದೊಡ್ಡ ಆಟಗಾರನಾಗುತ್ತೇನೆ ಎಂದು ನಂಬಿದ್ದೆ. ಅಲ್ಲಿ ನಡೆದದ್ದು ಬೇರೆ. ಮಾಲಿನೋವ್ಕಾ ಎಂಬ ನಕ್ಷೆಯಲ್ಲಿ, ಅಂದರೆ ಆಟದ ಒಂದು ಯುದ್ಧಭೂಮಿಯಲ್ಲಿ, ನಡುವೆ ದೊಡ್ಡ ಬಯಲಿದೆ. ಪಂದ್ಯ ಶುರುವಾದೊಡನೆ ಆ ಬಯಲಿಗೆ ನುಗ್ಗುತ್ತಿದ್ದೆ. ಎಲ್ಲಿಂದಲೋ ಒಂದು ಗುಂಡು, ಅದರ ಬೆನ್ನಿಗೆ ಇನ್ನೊಂದು. ಹೊಡೆದವರು ಪರದೆಯ ಮೇಲೆ ಕಾಣುತ್ತಲೇ ಇರಲಿಲ್ಲ. ಎರಡೇ ನಿಮಿಷದಲ್ಲಿ ಟ್ಯಾಂಕ್ ಉರಿದು ಕಪ್ಪಾಗುತ್ತಿತ್ತು. ಹೊಸ ಟ್ಯಾಂಕ್ ಕೊಂಡಾಗ ಅದರ ಜೊತೆ ಸಾಧಾರಣ ನಳಿಗೆ, ಸಾಧಾರಣ ಎಂಜಿನ್ ಬರುತ್ತವೆ. ಒಳ್ಳೆಯದನ್ನು ಆಡಿ ಗಳಿಸಿದ ಅನುಭವದ ಅಂಕಗಳಿಂದಲೇ ತೆರೆಯಬೇಕು. ಎರಡು ನಿಮಿಷಕ್ಕೆ ಸಾಯುವವನಿಗೆ ಅಂಕ ಎಲ್ಲಿಂದ ಬರಬೇಕು?

ಒಂದು ರಾತ್ರಿ ಹಿಂದೆ ನಿಂತು ನೋಡುತ್ತಿದ್ದ ಹುಡುಗ ಹೇಳಿದ, “ಮಾಮಾ, ನೀವು ಹೊಡೆಯುವ ಅವಸರದಲ್ಲಿ ಇರುತ್ತೀರಿ. ನಿಮ್ಮನ್ನು ಯಾರು ನೋಡುತ್ತಿದ್ದಾರೆ ಎಂದು ಒಮ್ಮೆಯಾದರೂ ಯೋಚಿಸಿದ್ದೀರಾ?”

“ನನ್ನ ಕಣ್ಣಿಗೆ ಯಾರೂ ಕಾಣುವುದೇ ಇಲ್ಲವಲ್ಲ ತಮ್ಮಾ, ಯೋಚಿಸುವುದು ಏನನ್ನು?”

“ಅದೇ ಮಾಮಾ ಆಟ. ಅವರು ಕಾಣಿಸಿಕೊಳ್ಳದೆ ನಿಮ್ಮನ್ನು ನೋಡುತ್ತಿದ್ದಾರೆ.”

ಅದನ್ನು ಅವನು ನನ್ನ ತಲೆಗೆ ಇಳಿಸಿದ್ದು ರೈಲು ನಿಲ್ದಾಣದಲ್ಲಿ. ಆ ವಾರ ಅಕ್ಕನನ್ನು ರೈಲು ಹತ್ತಿಸಲು ಇಬ್ಬರೂ ಹೋಗಿದ್ದೆವು. 2023ರಲ್ಲಿ ಉದ್ಘಾಟನೆಯಾದ ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರಂ 1507 ಮೀಟರ್ ಉದ್ದವಿದೆ, ಜಗತ್ತಿನಲ್ಲೇ ಅತಿ ಉದ್ದ. ನಾನು ಆಡುತ್ತಿದ್ದ ನಕ್ಷೆಗಳು ದೊಡ್ಡವೆಂದರೂ ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ. ಅಂದರೆ ಇಡೀ ಯುದ್ಧಭೂಮಿ ಈ ಪ್ಲಾಟ್‌ಫಾರಂಗಿಂತ ಗಿಡ್ಡ! ಹುಡುಗ ನಿಂತಿದ್ದ ರೈಲನ್ನು ತೋರಿಸಿ ಲೆಕ್ಕ ಹೇಳಿದ. ಟ್ಯಾಂಕಿನ ಕಣ್ಣು ಎಷ್ಟೇ ಚುರುಕಾಗಿದ್ದರೂ ತಾನಾಗಿ ಶತ್ರುವನ್ನು ಪತ್ತೆಹಚ್ಚುವುದು 445 ಮೀಟರ್ ತನಕ ಮಾತ್ರ, ಸುಮಾರು ಹದಿನೆಂಟು ಬೋಗಿಗಳಷ್ಟು. ಅದಕ್ಕಿಂತ ದೂರದ ಶತ್ರು ಕಾಣಬೇಕಾದರೆ ನಮ್ಮವನೊಬ್ಬ ಮುಂದೆ ನಿಂತು ಅವನನ್ನು ನೋಡಿರಬೇಕು. ಐವತ್ತು ಮೀಟರ್ ಒಳಗೆ, ಅಂದರೆ ಎರಡು ಬೋಗಿಯ ಅಂತರದಲ್ಲಿ ಬಂದರೆ ನಡುವೆ ಗೋಡೆಯಿರಲಿ ಬಂಡೆಯಿರಲಿ ಇಬ್ಬರಿಗೂ ಒಬ್ಬರಿಗೊಬ್ಬರು ಕಂಡೇ ಕಾಣುತ್ತಾರೆ. ಈ ಎರಡರ ನಡುವಿನ ಜಾಗದಲ್ಲಿ ಯಾರು ಯಾರಿಗೆ ಕಾಣುತ್ತಾರೆ ಎನ್ನುವುದನ್ನು ಟ್ಯಾಂಕಿನ ಗಾತ್ರ, ಅದರ ಚಲನೆ, ಹೊಡೆದ ಗುಂಡು ಮತ್ತು ಕಂಟಿಗಳು, ಅಂದರೆ ಪೊದೆಗಳು, ತೀರ್ಮಾನಿಸುತ್ತವೆ. ನಾನು ಒಂದು ಬೋಗಿಯ ಬಾಗಿಲಿನ ಬಳಿ ನಿಂತೆ. ಅವನು ಎರಡು ಬೋಗಿ ದಾಟಿ ನಿಂತು ಕೈ ಎತ್ತಿದ. ಐವತ್ತು ಮೀಟರ್ ಎಷ್ಟು ಹತ್ತಿರ ಎನ್ನುವುದು ಆಗ ನನ್ನ ಕಣ್ಣಿಗೆ ತಿಳಿಯಿತು.

ಮನೆಗೆ ಬಂದು ಆರನೆಯ ಹಂತದ ಟ್ಯಾಂಕನ್ನು ಮಾರಿದೆ. ನಾಲ್ಕನೆಯ ಹಂತದ ಹೆಟ್ಜರ್ ಅನ್ನು ಮತ್ತೆ ಕೊಂಡು ನಾಲ್ಕು ತಿಂಗಳು ಅದೊಂದನ್ನೇ ಆಡಿದೆ. ಹೊಸದಾಗಿ ಶುರುಮಾಡುವವರಿಗೆ ನಾನು ಒತ್ತಿ ಹೇಳುವ ಮಾತು ಇದೊಂದೇ: ಏರುವುದನ್ನು ನಿಲ್ಲಿಸಿ, ಒಂದು ಟ್ಯಾಂಕಿನಲ್ಲಿ ನೆಲೆಯೂರಿ.

ಹೆಟ್ಜರ್ ಎಂದರೆ 1944ರಿಂದ ಚೆಕ್ ಕಾರ್ಖಾನೆಗಳಲ್ಲಿ ತಯಾರಾದ, ಟ್ಯಾಂಕುಗಳನ್ನು ಹೊಡೆಯಲೆಂದೇ ಕಟ್ಟಿದ ಗಿಡ್ಡ ವಾಹನ. ಬೇರೆ ಟ್ಯಾಂಕುಗಳಂತೆ ತೋಪು ಹೊತ್ತು ತಿರುಗುವ ತಲೆ ಇದಕ್ಕೆ ಇಲ್ಲ. ನಳಿಗೆ ಸ್ವಲ್ಪವೇ ಅತ್ತಿತ್ತ ಹೊರಳುತ್ತದೆ, ಹೆಚ್ಚಿಗೆ ತಿರುಗಿಸಬೇಕೆಂದರೆ ಇಡೀ ಗಾಡಿಯನ್ನೇ ತಿರುಗಿಸಬೇಕು. ನೇಗಿಲು ಕಟ್ಟಿದ ಟ್ರ್ಯಾಕ್ಟರನ್ನು ಬದುವಿನ ಬಳಿ ತಿರುಗಿಸಿದವರಿಗೆ ಇದು ಹೊಸದಲ್ಲ. ತಲೆ ಇಲ್ಲದ ಗಾಡಿ ಮನುಷ್ಯನನ್ನು ಅವಸರ ಮಾಡಲು ಬಿಡುವುದಿಲ್ಲ, ಎಲ್ಲಿ ನಿಲ್ಲಬೇಕು ಎಂದು ಮೊದಲೇ ಯೋಚಿಸುವಂತೆ ಮಾಡುತ್ತದೆ. ನನಗೆ ಬೇಕಾಗಿದ್ದ ಗುರು ಅದೇ.

ಅದರ ಮುಂಭಾಗದ ಕವಚ 60 ಮಿಲಿಮೀಟರ್ ಮಾತ್ರ, ಆದರೆ ಬಹಳ ಓರೆಯಾಗಿದೆ. ರೊಟ್ಟಿಯ ಜೊತೆಗೆಂದು ಸವತೆಕಾಯಿ ಹೆಚ್ಚುವಾಗ ಚಾಕುವನ್ನು ನೆಟ್ಟಗೆ ಹಿಡಿದರೆ ಹೋಳು ದುಂಡಗೆ, ಚಿಕ್ಕದಾಗಿ ಬರುತ್ತದೆ. ಓರೆಯಾಗಿ ಹಿಡಿದರೆ ಅದೇ ಕಾಯಿಯ ಹೋಳು ಉದ್ದವಾಗುತ್ತದೆ, ಚಾಕು ಹೆಚ್ಚು ತಿರುಳನ್ನು ದಾಟಬೇಕಾಗುತ್ತದೆ. ಗುಂಡಿಗೂ ಹಾಗೆಯೇ. ನೇರ ನಿಂತ ಗೋಡೆಗಿಂತ 60 ಡಿಗ್ರಿ ಹಿಂದಕ್ಕೆ ಬಾಗಿದ ತಗಡು ಎರಡು ಪಟ್ಟು ದಪ್ಪದ ಕೆಲಸ ಮಾಡುತ್ತದೆ. ರಷ್ಯದ ಹೆಸರಾಂತ ಟಿ-34 ಟ್ಯಾಂಕಿನ ಮುಂಭಾಗ 45 ಮಿಲಿಮೀಟರ್ ಇದ್ದೂ 90ರಷ್ಟು ತಡೆಯುತ್ತಿದ್ದುದು ಇದೇ ಕಾರಣಕ್ಕೆ. ಆದರೆ ಹೆಟ್ಜರ್‌ನ ಮಗ್ಗುಲು ಬರೀ 20 ಮಿಲಿಮೀಟರ್. ಪೆಟ್ಟಿಗೆಯಂತಿರುವ ಟೈಗರ್ ಟ್ಯಾಂಕನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿದರೆ ಲಾಭ. ಹೆಟ್ಜರ್ ಅನ್ನು ಹಾಗೆ ನಿಲ್ಲಿಸಿದರೆ ಮಗ್ಗುಲು ತೋರಿಸಿದಂತೆ. ಮೂಗನ್ನು ನೇರ ಶತ್ರುವಿನ ಕಡೆಗೇ ಹಿಡಿಯಬೇಕು. ಎಲ್ಲ ಟ್ಯಾಂಕಿಗೂ ಒಂದೇ ಬುದ್ಧಿವಾದ ಹೇಳುವವರನ್ನು ನಂಬಬೇಡಿ.

ಇನ್ನು ಕಂಟಿಯ ವಿಷಯ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಪ್ರೀತಿಯ ವಿಷಯ ಇದು.

ಚಿಕ್ಕಂದಿನಲ್ಲಿ ಅಣ್ಣಿಗೇರಿಯ ಕಡೆಯ ನಮ್ಮ ಎರೆ ಹೊಲದಲ್ಲಿ ಜೋಳ ಹಾಲುಗಾಳಿಗೆ ಬಂದಾಗ ಅಟ್ಟಣಿಗೆಯ ಮೇಲೆ ಕುಳಿತು ಹಕ್ಕಿ ಕಾಯುತ್ತಿದ್ದೆ, ಕೈಯಲ್ಲಿ ಕವಣೆ. ಅಟ್ಟಣಿಗೆಯ ಮೇಲೆ ನಿಂತವನನ್ನು ಹಕ್ಕಿಗಳು ದೂರದಿಂದಲೇ ಗುರುತಿಸುತ್ತವೆ. ಕೆಳಗಿಳಿದು ಜೋಳದ ದಂಟಿನ ನಡುವೆ ಅಲುಗಾಡದೆ ಕುಳಿತರೆ ಕೈಯಳತೆಯಲ್ಲೇ ಬಂದು ಇಳಿಯುತ್ತವೆ. ಆಟದಲ್ಲಿ ಕಂಟಿಯ ಹಿಂದೆ ಮಿಸುಕದೆ ನಿಂತ ಹೆಟ್ಜರ್ ಕೂಡ ಹೀಗೆಯೇ. ಆದರೆ ಗುಂಡು ಹೊಡೆದ ಕ್ಷಣ ನಮ್ಮ ಸುತ್ತ ಹದಿನೈದು ಮೀಟರ್ ಒಳಗಿನ ಕಂಟಿಗಳೆಲ್ಲ ಮರೆಮಾಡುವ ಗುಣವನ್ನು ಬಹುಪಾಲು ಕಳೆದುಕೊಳ್ಳುತ್ತವೆ. ಕಂಟಿಗೆ ಮೂಗು ತಾಗಿಸಿ ನಿಂತು ಹೊಡೆಯುತ್ತಿದ್ದ ನಾನು ಏಕೆ ಸಾಯುತ್ತಿದ್ದೆ ಎನ್ನುವುದಕ್ಕೆ ಉತ್ತರ ಇದು. ಹದಿನೈದು ಮೀಟರ್ ಹಿಂದೆ ಸರಿದರೆ ಗುಂಡು ಹೊಡೆದ ಮೇಲೂ ಕಂಟಿ ಕಂಟಿಯಾಗಿಯೇ ಉಳಿಯುತ್ತದೆ.

ಹದಿನೈದು ಮೀಟರ್ ಅಳೆಯುವುದು ಹೇಗೆ? ಪರದೆಯೇ ಅಳೆದು ಕೊಡುತ್ತದೆ. ಕಂಟಿಯ ಹತ್ತಿರವಿದ್ದಾಗ ಅದು ನಮ್ಮ ಕಣ್ಣಿಗೆ ತೆಳುವಾಗಿ, ಆಚೆ ಕಡೆ ಕಾಣುವಂತೆ ಇರುತ್ತದೆ. ಮೆಲ್ಲಗೆ ಹಿಂದೆ ಸರಿಯುತ್ತ ಹೋದರೆ ಒಂದು ಜಾಗದಲ್ಲಿ ಅದು ತಟ್ಟನೆ ದಟ್ಟ ಹಸಿರಾಗುತ್ತದೆ. ಅಲ್ಲೇ ನಿಲ್ಲಬೇಕು. ಅಲ್ಲಿಂದ ನಮಗೆ ಆಚೆಯದು ಕಾಣುವುದಿಲ್ಲ, ನಿಜ. ಆದರೆ ಮುಂದಿರುವ ಜೊತೆಗಾರ ಯಾರನ್ನಾದರೂ ಕಂಡರೆ, ನಮ್ಮ ಗುರಿಯನ್ನು ಆ ಕಡೆ ತಂದಾಗ ಆ ಶತ್ರುವಿನ ಸುತ್ತ ಕೆಂಪು ಗೆರೆ ಮೂಡುತ್ತದೆ. ಎಲೆಗಳ ನಡುವಿನಿಂದ ಆ ಗೆರೆಗೇ ಗುರಿ ಹಿಡಿಯುವುದು. ನಿಂತ ಮೇಲೆ ಕೀಲಿಮಣೆಯ ‘ಎಕ್ಸ್’ ಒತ್ತಿ. ಗಾಡಿ ನಿಂತಲ್ಲೇ ಬಿಗಿಯಾಗುತ್ತದೆ. ಇದನ್ನು ಮರೆತು ಮೌಸನ್ನು ಸ್ವಲ್ಪ ಹೆಚ್ಚು ಎಳೆದರೆ ತಲೆಯಿಲ್ಲದ ಗಾಡಿ ಪೂರ್ತಿ ಹೊರಳಿ, ಅಡಗಿದ್ದೆಲ್ಲ ವ್ಯರ್ಥವಾಗುತ್ತದೆ. ನನಗೆ ಇದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು.

ಕವಣೆಯ ಅಭ್ಯಾಸವೂ ಉಪಯೋಗಕ್ಕೆ ಬಂತು. ಹಾರುವ ಹಕ್ಕಿಯ ಮುಂದಿನ ಜಾಗಕ್ಕೆ ಕಲ್ಲು ಬೀಸುವುದು ಕೈಗೆ ರೂಢಿಯಾಗಿತ್ತು. ಮುನ್ನೂರು ಮೀಟರ್ ದೂರದಲ್ಲಿ ಅಡ್ಡ ಓಡುವ ಹಗುರ ಟ್ಯಾಂಕಿಗೂ ಹಾಗೆಯೇ ಮುಂದೆ ಗುರಿ ಹಿಡಿಯಬೇಕು. ಜೊತೆಗೆ ಗುರಿಯ ವೃತ್ತ ಪೂರ್ತಿ ಕುಗ್ಗುವ ತನಕ ಕಾಯಬೇಕು. ನಾವು ಚಲಿಸುತ್ತಿದ್ದರೆ ವೃತ್ತ ಅಗಲವಾಗಿರುತ್ತದೆ, ಆ ಅಗಲದಲ್ಲಿ ಗುಂಡು ಎಲ್ಲಿಗಾದರೂ ಹೋಗಬಹುದು.

ಇದೆಲ್ಲ ಬರೀ ಆಟದ ಲೆಕ್ಕವೆಂದು ಯಾರಾದರೂ ಅಂದರೆ ನಾನು ಅಸಲ್ ಉತ್ತರ್ ಕದನದ ಮಾತು ತೆಗೆಯುತ್ತೇನೆ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮಕರಣ ಬಳಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನುಗ್ಗಿ ಬಂದಾಗ ನಮ್ಮ ಸೆಂಚೂರಿಯನ್ ಮತ್ತು ಶೆರ್ಮನ್ ಟ್ಯಾಂಕುಗಳು ಕಬ್ಬಿನ ಹೊಲಗಳಲ್ಲಿ ಅಡಗಿ ಕುಳಿತಿದ್ದವು. ಹೊಲಗಳಿಗೆ ನೀರು ಹರಿಸಿದ್ದರಿಂದ ಪ್ಯಾಟನ್‌ಗಳು ಕೆಸರಿನಲ್ಲಿ ಹೂತವು. ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್‌ಗಳನ್ನು ಕೆಡವಿ ಹುತಾತ್ಮರಾದ ಅಬ್ದುಲ್ ಹಮೀದ್ ಅವರಿಗೆ ಪರಮವೀರ ಚಕ್ರ ಬಂದದ್ದು ಅದೇ ಕದನದಲ್ಲಿ. ಸೆಂಚೂರಿಯನ್, ಪ್ಯಾಟನ್ ಎರಡೂ ಈ ಆಟದಲ್ಲಿವೆ. ಅವುಗಳ ಹೆಸರು ಕಂಡಾಗಲೆಲ್ಲ ನನಗೆ ಆ ಕಬ್ಬಿನ ಹೊಲ ನೆನಪಾಗುತ್ತದೆ. ಮಳೆಯಾದ ಎರೆ ಹೊಲದಲ್ಲಿ ಗಾಲಿ ಹೂತ ಟ್ರ್ಯಾಕ್ಟರನ್ನು ಎಳೆದು ತೆಗೆದವರಿಗೆ ಕೆಸರಿನ ಶಕ್ತಿಯನ್ನು ಬೇರೆ ಹೇಳಬೇಕಾಗಿಲ್ಲ. ಆಟದಲ್ಲೂ ಮೆತ್ತನೆಯ ನೆಲಕ್ಕೆ ಇಳಿದರೆ ವೇಗ ಕುಸಿಯುತ್ತದೆ. ದಾರಿ ಬಿಟ್ಟು ಇಳಿಯುವ ಮುನ್ನ ನೆಲದ ಬಣ್ಣ ನೋಡುವುದು ನನಗೆ ಈಗ ಅಭ್ಯಾಸವಾಗಿದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ಕಡೆಯಿಂದ ಆಡುವವರು ಏಷ್ಯಾ ಸರ್ವರ್ ಆರಿಸಿಕೊಳ್ಳಿ, ಸಾಧ್ಯವಿದ್ದರೆ ವೈಫೈ ಬಿಟ್ಟು ತಂತಿ ಹಾಕಿಸಿ. ಮೊದಲ ವರ್ಷ ದುಡ್ಡು ಹಾಕಬೇಡಿ. ದುಡ್ಡಿಗೆ ಎಂಟನೆಯ ಹಂತದ ಟ್ಯಾಂಕ್ ಸಿಗುತ್ತದೆ, ಅದನ್ನು ಆಡುವ ಕಣ್ಣು ಸಿಗುವುದಿಲ್ಲ. ಟ್ಯಾಂಕಿನ ಗಾಲಿಗಳ ಸುತ್ತ ಓಡುವ ಚೈನ್ ಹರಿದಾಗ ಎಲ್ಲರೂ ತಕ್ಷಣ ರಿಪೇರಿ ಪೆಟ್ಟಿಗೆ ಬಳಸುತ್ತಾರೆ. ಒಮ್ಮೆ ಬಳಸಿದರೆ ಅದು ಮತ್ತೆ ಸಿದ್ಧವಾಗಲು ಒಂದೂವರೆ ನಿಮಿಷ ಬೇಕು. ಮರೆಯಲ್ಲಿ ನಿಂತಿದ್ದರೆ ಸಿಬ್ಬಂದಿ ತಾವೇ ಚೈನ್ ಜೋಡಿಸುವ ತನಕ ಕಾಯಿರಿ. ಮೂಲೆಯ ಸಣ್ಣ ನಕ್ಷೆಯ ಮೇಲೆ ಒಂದು ಕಣ್ಣು ಸದಾ ಇರಲಿ. ಎಡಗಡೆಯ ನಮ್ಮ ಟ್ಯಾಂಕುಗಳ ಗುರುತು ಒಂದೊಂದಾಗಿ ಅಳಿಸುತ್ತಿದ್ದರೆ ಮುಂದಿನ ಸರದಿ ನಿಮ್ಮ ಮಗ್ಗುಲಿನದು.

ಪ್ರೊಖೊರೊವ್ಕಾ ನಕ್ಷೆಯಲ್ಲಿ ನಾನು ಆಡಿದ ಒಂದು ಪಂದ್ಯ ಕಣ್ಣಿಗೆ ಕಟ್ಟಿದಂತಿದೆ. ಅಲ್ಲಿ ರೈಲು ಹಳಿಯ ದಿಬ್ಬವೊಂದು ಹಾದುಹೋಗುತ್ತದೆ. ಅದರ ಈಚೆ ಎರಡು ಕಂಟಿಗಳ ಹಿಂದೆ ಸರಿದು, ಹಸಿರು ದಟ್ಟವಾಗುವ ತನಕ ಹಿಂದೆ ಬಂದು, ‘ಎಕ್ಸ್’ ಒತ್ತಿ ನಿಂತೆ. ಎರಡು ನಿಮಿಷ ಏನೂ ಇಲ್ಲ. ಮೊದಲಾಗಿದ್ದರೆ ಆ ಎರಡು ನಿಮಿಷ ತಡೆದುಕೊಳ್ಳಲಾಗದೆ ಹೊರಟುಬಿಡುತ್ತಿದ್ದೆ. ಆಮೇಲೆ ನಮ್ಮ ಹಗುರ ಟ್ಯಾಂಕೊಂದು ದಿಬ್ಬದ ಪಕ್ಕ ಹೋಗಿ ನಿಂತಿತು. ಎಲೆಗಳ ನಡುವೆ ಕೆಂಪು ಗೆರೆ ಮೂಡಿತು. ವೃತ್ತ ಕುಗ್ಗುವವರೆಗೆ ಉಸಿರು ಹಿಡಿದು ಹೊಡೆದೆ. ಗುಂಡು ಹೊಕ್ಕಿತು. ಆ ಟ್ಯಾಂಕ್ ನಿಂತಲ್ಲೇ ಅತ್ತಿತ್ತ ತಲೆ ತಿರುಗಿಸಿ ಹುಡುಕಿತು. ನನ್ನ ಪರದೆಯ ಮೇಲಿನ ಬಲ್ಬ್ ಹೊತ್ತಿಕೊಳ್ಳಲಿಲ್ಲ. ಶತ್ರುವಿಗೆ ನಾವು ಕಂಡು ಮೂರು ಸೆಕೆಂಡಾದ ಮೇಲೆ ಹೊತ್ತಿಕೊಳ್ಳುವ ಬಲ್ಬ್ ಅದು. ನಾಲ್ಕು ಸೆಕೆಂಡು ಎಣಿಸಿದೆ, ಐದು ಎಣಿಸಿದೆ, ಇಲ್ಲ. ಮತ್ತೆ ಹೊಡೆದೆ. ಆರು ನಿಮಿಷ ಹಾಗೆಯೇ ನಡೆಯಿತು. ಮೂರು ಟ್ಯಾಂಕ್ ಬಿದ್ದವು. ಕೊನೆಗೆ ಬಲ್ಬ್ ಹೊತ್ತಿದ ಕೂಡಲೇ, ನಳಿಗೆಯಲ್ಲಿ ಗುಂಡು ಸಿದ್ಧವಿದ್ದರೂ ಹೊಡೆಯದೆ ದಿಬ್ಬದ ಮರೆಗೆ ಹಿಂದೆ ಸರಿದೆ. ನಾನು ನಿಂತಿದ್ದ ಜಾಗದಲ್ಲಿ ಎರಡು ಗುಂಡು ಬಿದ್ದು ಮಣ್ಣು ಹಾರಿತು.

ಹಿಂದೆ ನಿಂತಿದ್ದ ಹುಡುಗ ಏನೂ ಹೇಳಲಿಲ್ಲ. ತನ್ನ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತ. ಆ ಪಂದ್ಯದ ರೆಕಾರ್ಡಿಂಗನ್ನು ಇಬ್ಬರೂ ಇನ್ನೊಮ್ಮೆ ಹಾಕಿ ನೋಡಿದೆವು. ಪಂದ್ಯಗಳು ತಾವಾಗಿ ದಾಖಲಾಗುವಂತೆ ಸೆಟ್ಟಿಂಗ್‌ನಲ್ಲಿ ಇಟ್ಟುಕೊಳ್ಳಬಹುದು, ಸೋತ ಪಂದ್ಯಗಳನ್ನೇ ಹೆಚ್ಚು ನೋಡಬೇಕು. ಮರುವಾರ ಐದನೆಯ ಹಂತದ ಸ್ಟುಗ್ ಎಂಬ ಜರ್ಮನ್ ಗಾಡಿಯನ್ನು ತೆರೆದೆ. ಅದಕ್ಕೂ ತಲೆ ಇಲ್ಲ. ಸದ್ಯ ಗಾಡಿಯ ಜೊತೆ ಬಂದ ನಳಿಗೆಯಲ್ಲೇ ಆಡುತ್ತಿದ್ದೇನೆ. ಒಳ್ಳೆಯ ನಳಿಗೆಗೆ ಬೇಕಾದ ಅಂಕಗಳಲ್ಲಿ ಅರ್ಧ ಗಳಿಸಿದ್ದೇನೆ.